ಊದದೆ ಉಳಿದ ಹಾಡು

"ಈ ಹಾಡು ಯಾವುದು? ಎಲ್ಲಿಯೂ ಕೇಳಿಲ್ಲವಲ್ಲ!"

ಗ್ಲ್ಯಾಡಿಸ್ ಹಿಂದಿನಿಂದ ಕೇಳಿದ್ದೇ ತಡ, ಕ್ಲಾರಿನೆಟ್ಟಿನವನ ಉಸಿರು ತಪ್ಪಿ ಸ್ವರ ಕೀರಲಾಯಿತು.

ಅಜೆಕಾರಿನ ಮದುವೆಮನೆಯ ಹಿತ್ತಲು. ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಅವನೊಬ್ಬನೇ ಹಲಸಿನ ಮರದಡಿ ಊದುತ್ತಿದ್ದ.

"ನಾನೇ ಕಟ್ಟಿದ್ದು. ನಮ್ಮ ಬ್ಯಾಂಡಿನವರೇ ಇನ್ನೂ ಕೇಳಿಲ್ಲ," ಎಂದ.

ಹೆಸರು ಇಮ್ಯಾನುಯೆಲ್. ಕಾಪುವಿನ ನಾಲ್ಕು ಜನರ ಬ್ಯಾಂಡು ಅವನದು. ಊರು ದಾಟಿದರೆ ಅದರ ಹೆಸರು ಕೇಳಿದವರು ಕಡಿಮೆ. ಆದರೆ ಆ ಹಾಡು ಗ್ಲ್ಯಾಡಿಸಳ ಎದೆ ಹೊಕ್ಕಿತು ನೋಡಿ... ಕಾರ್ಕಳದ ಮನೆಗೆ ಮರಳಿದರೂ ಹೊರಗೆ ಬರಲಿಲ್ಲ.

ಮುಂದೆ ಒಂದು ವರ್ಷ, ಹಬ್ಬದಲ್ಲೋ ಮದುವೆಯಲ್ಲೋ ಸಿಕ್ಕಾಗಲೆಲ್ಲ, ಅವನು ಅದನ್ನು ಅವಳೊಬ್ಬಳಿಗೇ ಊದಿ ಕೇಳಿಸಿದ. ಯಾರಿಗಾಗಿ ಈ ಹಾಡು ಎಂದು ಕೇಳಿದರೆ ಮಾತ್ರ ನಕ್ಕು ತಲೆ ತಗ್ಗಿಸುತ್ತಿದ್ದ. ಬಾಯಿಬಿಟ್ಟು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು!

ಐವತ್ತೆಂಟನೇ ಇಸವಿಯ ಜನವರಿಯಲ್ಲಿ ಅವಳ ಅಪ್ಪ ಜೋಕಿಮ್, ಬೊಂಬಾಯಿಯ ಸ್ಟ್ಯಾನಿಸ್ಲಾಸನ ಸಂಬಂಧ ತಂದ. ಅಕ್ಕ ವೆರೊನಿಕಾ ಸನ್ಯಾಸಿನಿಯಾಗಲು ಕಾನ್ವೆಂಟು ಸೇರಿದ್ದರಿಂದ ಸರದಿ ಗ್ಲ್ಯಾಡಿಸಳದ್ದು. ಅವಳು ಮೂರು ದಿನ ಹೂಂ ಎನ್ನಲಿಲ್ಲ. ಅಪ್ಪ ಅದಕ್ಕೆ ಕಾಯದೆ, ಇಮ್ಯಾನುಯೆಲನ ಬ್ಯಾಂಡಿಗೆ ವೀಳ್ಯ ಕೊಡಲು ಕಾಪುವಿಗೆ ಹೊರಟ. ಎಲೆಯಡಿಕೆ ಕೈಗೆ ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಆಮೇಲೆ ಹಿಂದೆ ಸರಿಯುವಂತಿಲ್ಲ.

'ಅವನು ವೀಳ್ಯ ಮುಟ್ಟದಿದ್ದರೆ ಸಾಕು... ನಾನೂ ಅಪ್ಪನೆದುರು ನಿಂತು ಬೇಡವೆನ್ನುತ್ತೇನೆ.'

ಸಂಜೆ ಜೋಕಿಮ್ ಮರಳಿ, ಹುಡುಗ ನಗುನಗುತ್ತಾ ವೀಳ್ಯ ತೆಗೆದುಕೊಂಡನೆಂದು ಹೇಳಿದ.

ನಗುನಗುತ್ತಾ!

ಗ್ಲ್ಯಾಡಿಸ್ ಅಡುಗೆಮನೆಗೆ ಹೋಗಿ, ಹೊಗೆಯ ನೆಪದಲ್ಲಿ ಅತ್ತು, ಹೊರಬಂದು ಹೂಂ ಎಂದಳು.

ಕಾರ್ಕಳದ ಇಗರ್ಜಿಯಲ್ಲಿ ಪಾದ್ರಿಗಳು ಮೂರು ಭಾನುವಾರ ಮದುವೆಯ ಪ್ರಕಟಣೆ ಓದಿ, ತಕರಾರಿದ್ದವರು ಹೇಳಲಿ ಎಂದರು. ಬೇಡವೆನ್ನಲು ಕಾಪುವಿನಿಂದ ಯಾರೂ ಬರಲಿಲ್ಲ.

ಮದುವೆಯ ಬೆಳಿಗ್ಗೆ ಬ್ಯಾಂಡು ಅಂಗಳಕ್ಕೆ ಬಂತು. ಯಾವ ಹಾಡಿನಿಂದ ಶುರು ಮಾಡುವುದೆಂದು ಮದುಮಗಳನ್ನು ಕೇಳಲು ಇಮ್ಯಾನುಯೆಲ್ ಚಾವಡಿ ಹತ್ತಿದ. ಬಿಳಿ ಸೀರೆಯುಟ್ಟ ಗ್ಲ್ಯಾಡಿಸಳನ್ನು ಕಂಡು ಅಲ್ಲೇ ನಿಂತುಬಿಟ್ಟ.

"ನೀನಾ? ಮದುವೆ ವೆರೊನಿಕಾಳದ್ದು ಅಲ್ವಾ?"

"ಅಕ್ಕ ಕಾನ್ವೆಂಟಿಗೆ ಹೋದಳು. ನಿನಗೆ ಗೊತ್ತಿರಲಿಲ್ವಾ?"

"ನಿನ್ನ ಅಪ್ಪ ಮಗಳ ಮದುವೆ ಅಂದರು, ಅಷ್ಟೇ. ಅಕ್ಕನದ್ದು ಮುಗಿದರೆ ನಿನ್ನನ್ನು ಕೇಳಬಹುದು ಅಂತ... ಆ ಖುಷಿಯಲ್ಲಿ ವೀಳ್ಯ ತೆಗೆದುಕೊಂಡೆ."

ಅಯ್ಯೋ ಹೆಡ್ಡ! ಮದುಮಗಳ ಹೆಸರೊಂದನ್ನು ಕೇಳಬಾರದಿತ್ತೇ?

ಗ್ಲ್ಯಾಡಿಸ್ ಹೂಗುಚ್ಛವನ್ನು ಕುರ್ಚಿಯ ಮೇಲಿಟ್ಟಳು. "ಹಾಗಾದರೆ ಆ ಹಾಡು?"

"ನಮ್ಮ ಮದುವೆಗೆ ಅಂತ ಇಟ್ಟಿದ್ದೆ. ನಿನ್ನ ಮೇಲೆ ಜೀವವೇ ಉಂಟು ಅಂತ ಬಾಯಲ್ಲಿ ಹೇಳಲು ಬರಲಿಲ್ಲ, ಗ್ಲ್ಯಾಡಿಸ್. ಊದಲು ಮಾತ್ರ ಬಂತು."

ಅವಳ ಕಾಲು ಅವನ ಕಡೆಗೆ ಒಂದು ಹೆಜ್ಜೆ ಇಟ್ಟಿತು ಕೂಡ. ಅಂಗಳದಲ್ಲಿ ಅಪ್ಪ ಹೊಸ ಕೋಟು ತೊಟ್ಟು, ಮಗಳ ಕೈಹಿಡಿದು ಇಗರ್ಜಿಗೆ ಕರೆದೊಯ್ಯಲು ನಿಂತಿದ್ದ. ವರನ ಕಡೆಯವರು ಆಗಲೇ ಅಲ್ಲಿಗೆ ತಲುಪಿದ್ದರು.

"ನಾನು ಹೂಂ ಅಂದಾಗಿದೆ."

"ನಾನು ವೀಳ್ಯ ತೆಗೆದುಕೊಂಡಾಗಿದೆ."

ಇಮ್ಯಾನುಯೆಲ್ ಕ್ಲಾರಿನೆಟ್ಟು ಕೈಗೆತ್ತಿಕೊಂಡ.

"ಯಾವುದು ಊದಲಿ?"

"ಯಾವುದಾದರೂ ಊದು. ಅದನ್ನು ಮಾತ್ರ ಬೇಡ... ಅದನ್ನು ಕೇಳಿದರೆ ನಾನು ಇಗರ್ಜಿಯ ಬಾಗಿಲಲ್ಲಿ ನಿಲ್ಲುವುದಿಲ್ಲ. ನಿನ್ನ ಹಿಂದೆಯೇ ಬಂದುಬಿಡುತ್ತೇನೆ."

ಅವನು ಕಣ್ಣೊರೆಸಿಕೊಂಡು ಹೇಳಿದ:

"ಇಗರ್ಜಿಯವರೆಗೆ ನಿನ್ನ ಮುಂದೆ ಊದುತ್ತಾ ನಿಧಾನ ನಡೆಯುತ್ತೇನೆ. ಅಷ್ಟು ದೂರ ನನ್ನ ಹಿಂದೆ ಬಾ."