ಒಂದೂವರೆ ಬೆರಳು

ತಿರುವಿನಲ್ಲಿ ಸ್ಟೀರಿಂಗನ್ನು ಪೂರ್ತಿ ಎಳೆಯುತ್ತಿದ್ದಂತೆ ಆ ಉಸಿರು ಮತ್ತೆ ಕೇಳಿಸಿತು. ಹ್ರ್... ಹ್ರ್... ಎಡಗಡೆಯ ಖಾಲಿ ಸೀಟಿನ ಬುಡದಿಂದ.

ನೀಲಾವತಿ ಜೀಪನ್ನು ಇನ್ನಷ್ಟು ನಿಧಾನ ಮಾಡಿದಳು. ಉಸಿರೂ ನಿಧಾನವಾಯಿತು.

ತೋಟದ ಲೈನುಮನೆಯ ಕೂಲಿಯವರಿಗೆ ಸಂತೆಯಿಂದ ಅಕ್ಕಿ ತರಲು ಮಡಚಿಟ್ಟ ಚೀಲಗಳ ಮೇಲೆ, ಹಿಂದೆ ಕೂತಿದ್ದ ಆಳು ಮುದ್ದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯಜಮಾನ್ರು ಇವತ್ತೂ ಬಂದವ್ರೆ ಕಣಮ್ಮಾ."

"ಸುಮ್ನಿರು ಮುದ್ದಿ."

ಆದರೆ ನೀಲಾವತಿಯೂ ಒಳಗೊಳಗೇ ಅದನ್ನೇ ಅಂದುಕೊಂಡಿದ್ದಳು. ಕೊಡಗು ಮೈಸೂರಿಗೆ ಸೇರಿದ ವರ್ಷ ಗಂಡ ಕುಟ್ಟಪ್ಪನಿಗೆ ಉಬ್ಬಸ ಏರಿ, ಇದೇ ಸೀಟಿನಲ್ಲಿ ಕೂರಿಸಿಕೊಂಡು ಮಡಿಕೇರಿ ಆಸ್ಪತ್ರೆಗೆ ಹೊರಟಿದ್ದಳು. ಅವನು ಉಳಿಯಲಿಲ್ಲ. ಮರುತಿಂಗಳು ಜೀಪಿನ ಮುಂಚಕ್ರಗಳ ಎರಡೂ ರಿಮ್ಮು ಬಿರುಕು ಬಿಟ್ಟವು, ಬದಲಾಯಿಸಿದಳು. ಅಂದಿನಿಂದ, ಎರಡು ವರ್ಷ, ಪ್ರತಿ ಇಕ್ಕಟ್ಟು ತಿರುವಿನಲ್ಲೂ ಅವನ ಉಸಿರು.

ಸುಂಟಿಕೊಪ್ಪದ ಶೆಡ್ಡಿನ ಮುಂದೆ ಜೀಪು ನಿಂತಾಗ ಮೆಕ್ಯಾನಿಕ್ ಕೆಂಪಣ್ಣ ಕೈ ಒರೆಸಿಕೊಳ್ಳುತ್ತ ಬಂದ. ಹಾಸನದ ಕಡೆಯವನು. ನಲವತ್ತು ದಾಟಿದ್ದರೂ ಒಂಟಿ.

"ಅದೇ ಸದ್ದಾ, ನೀಲಾವತಮ್ಮೋರೆ?"

"ಅದೇ. ಹೋದ ತಿಂಗಳು ಎಣ್ಣೆ ಹಾಕಿ, ಇನ್ನು ಬರೋದಿಲ್ಲ ಅಂದಿರಿ."

"ನಾನೆಲ್ಲಿ ಬರಲ್ಲ ಅಂದೆ? ಬಂದ್ರೆ ನೀವೂ ಬನ್ನಿ ಅಂದೆ."

ಅವಳು ನಗು ತಡೆದುಕೊಂಡಳು. ಅವನ ಕಣ್ಣು ಒಂದು ಕ್ಷಣ ಅವಳ ಕೆನ್ನೆಯ ಧೂಳಿನಲ್ಲಿ ನಿಂತು, ಚಕ್ರಕ್ಕೆ ಇಳಿಯಿತು.

ಅಲ್ಲಿ ಅವನ ಮುಖ ಬಿಳಚಿಕೊಂಡಿತು. ಎಡಚಕ್ರದ ಒಳಮೈಯಲ್ಲಿ ರಬ್ಬರು ಸವೆದು ನೂಲು ಕಾಣುತ್ತಿತ್ತು.

ಚಕ್ರ ಬಿಚ್ಚಿ, ಮಗುಚಿ ಮಲಗಿಸಿ, ಅಂಚಿನಿಂದ ಅಂಚಿಗೆ ಅಡ್ಡ ಕೋಲಿಟ್ಟ. "ಇಲ್ಲಿ ನೋಡಿ. ಈ ಕೋಲಿಂದ ಕೆಳಗೆ, ಬೋಲ್ಟು ಕೂರೋ ತಟ್ಟೆವರೆಗೆ ನಾಲ್ಕೂವರೆ ಬೆರಳು ಆಳ. ನಿಮ್ಮ ಹಳೇದ್ರಲ್ಲಿ ಮೂರೇ ಇತ್ತು."

"ಅಗಲ ಒಂದೇ ಉಂಟಲ್ಲ?"

"ಅಗಲ ಒಂದೇ, ಬೋಲ್ಟಿನ ತೂತೂ ಒಂದೇ. ತಟ್ಟೆ ಮಾತ್ರ ರಿಮ್ಮಿನ ನಡುವಿಂದ ಹೊರಗಡೆಗೆ ಸರಿದು ಕೂತಿದೆ. ಹಂಗಾಗಿ ಚಕ್ರ ಒಂದೂವರೆ ಬೆರಳು ಒಳಕ್ಕೆ ಹೋಗಿ, ತಿರುಗಿಸಿದಾಗ ಸ್ಪ್ರಿಂಗಿಗೆ ಉಜ್ಜತ್ತೆ. ಈ ಟೈರು ಒಂದು ಕಡೆ ಉಬ್ಬಿದೆಯಲ್ಲ, ಅದಕ್ಕೇ ಸುತ್ತಿಗೊಂದ್ಸಲ."

"ಹಾಗಾದ್ರೆ ಆ ಉಸಿರು..."

"ಉಸಿರಲ್ಲ. ರಬ್ಬರು."

ಅವಳಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. "ನೀವೇ ಹಾಕಿದ ರಿಮ್ಮಲ್ವಾ ಇದು?"

"ನಾನೇ. ಮಿಲಿಟರಿ ಹರಾಜಿನ ಮಾಲು. ತೂತು ಕೂತ್ವು, ಸಾಕು ಅಂದ್ಕೊಂಡೆ. ಎರಡನೇ ಸಲ ನೀವು ಬಂದಾಗ್ಲೇ ತಪ್ಪು ಗೊತ್ತಾಯ್ತು." ಅವನು ತಲೆ ಎತ್ತಲಿಲ್ಲ. "ಸರಿ ಮಾಡಿದ್ರೆ ಆಮೇಲೆ ನೀವ್ಯಾಕೆ ಈ ಕಡೆ ಬರ್ತೀರ? ಅದಕ್ಕೇ ಎಣ್ಣೆ ಹಾಕ್ತಿದ್ದೆ. ಇವತ್ತು ಈ ನೂಲು ಕಂಡು... ಇಳಿಜಾರಲ್ಲಿ ಸಿಡಿದಿದ್ರೆ?"

ಅವನ ಹೆಬ್ಬೆರಳು ಸವೆದ ನೂಲಿನ ಮೇಲೇ ನಿಂತಿತ್ತು. ಅವಳು ಆ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಬೈಯಲ್ವಾ?"

"ಮೊದ್ಲು ಬೇರೆ ಹಾಕಿ. ಅಳತೆ ನೋಡಿ ಹಾಕಿ. ಅತಿ ಹೊರಗೂ ಬೇಡ."

"ಹೊರಗೆ ಚಾಚಿದ್ರೆ ಬೇರಿಂಗ್ ತಿನ್ನತ್ತೆ, ಗೊತ್ತು. ಮೂರು ಬೆರಳಿಂದೇ ಹುಡುಕಿ ಇಟ್ಟಿದ್ದೀನಿ." ಜಾಕಿನ ಕಡೆ ತಿರುಗಿ, "ವರ್ಷ ಆಯ್ತು" ಎಂದ.

ಇಳಿಹೊತ್ತಿನಲ್ಲಿ ಅಕ್ಕಿ ಹೇರಿಕೊಂಡು ಹಿಂತಿರುಗುವಾಗ ಅದೇ ತಿರುವಿನಲ್ಲಿ ಏನೂ ಕೇಳಲಿಲ್ಲ. ಸಿಲ್ವರ್ ಓಕ್ ಮರಗಳಲ್ಲಿ ಹುಳುಗಳೂ ಸುಮ್ಮನಿದ್ದವು.

"ಉಸಿರು ನಿಂತೋಯ್ತಲ್ಲಮ್ಮಾ" ಎಂದಳು ಮುದ್ದಿ, ತೀರಾ ಮೆಲ್ಲಗೆ.

ನೀಲಾವತಿಯ ಬೆನ್ನು ತಣ್ಣಗಾಯಿತು. ಅಂದು, ಆಸ್ಪತ್ರೆಯ ದಾರಿಯಲ್ಲಿ, ಕುಟ್ಟಪ್ಪನ ಉಸಿರೂ ಇಲ್ಲಿಯೇ ನಿಂತಿತ್ತು. ತಿಳಿದೂ ಅವಳು ಗಾಡಿ ನಿಲ್ಲಿಸಿರಲಿಲ್ಲ, ಪಕ್ಕಕ್ಕೆ ನೋಡಿರಲಿಲ್ಲ. ಮಡಿಕೇರಿಯವರೆಗೆ ಅವನೊಡನೆ ಮಾತಾಡುತ್ತಲೇ ಹೋಗಿದ್ದಳು. ಡಾಕ್ಟರು ಹೇಳಿದಾಗ, ಹೊಸದಾಗಿ ಕೇಳಿದವಳಂತೆ ಅತ್ತಿದ್ದಳು.

ಈಗ ಬ್ರೇಕು ಒತ್ತಿದಳು. ಇಂಜಿನ್ ಆರಿಸಿ, ಎಡಕ್ಕೆ ತಿರುಗಿ ನೋಡಿದಳು. ಸೀಟಿನಲ್ಲಿ ಯಾರೂ ಇರಲಿಲ್ಲ. ಯಾರೋ ಆಗಷ್ಟೇ ಎದ್ದು ಇಳಿದಂತೆ, ಅದರ ನಡುವಿನ ತಗ್ಗು ಮಾತ್ರ ನಿಧಾನವಾಗಿ ಮೇಲೇರುತ್ತಿತ್ತು.

ಅದು ಪೂರ್ತಿ ಸಮವಾಗುವವರೆಗೆ ಅವಳು ನೋಡುತ್ತ ಕುಳಿತಳು.

"ಎಂತಮ್ಮಾ, ಗಾಡಿ ಕೆಟ್ಟೋಯ್ತಾ?"

"ಇಲ್ಲ ಮುದ್ದಿ. ಏನೂ ಕೆಟ್ಟಿಲ್ಲ."

ಮುಂದಿನ ಸಂತೆಯ ದಿನಕ್ಕೂ ಏನೂ ಕೆಟ್ಟಿರುವುದಿಲ್ಲ. ಆದರೂ ಜೀಪನ್ನು ಶೆಡ್ಡಿನ ಮುಂದೆಯೇ ನಿಲ್ಲಿಸುವುದೆಂದು ಅವಳು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡು, ಸ್ಟಾರ್ಟರ್ ಒತ್ತಿದಳು.