ಗುಳುಗುಳು ಕೆರೆಯ ತಪಲೆ

“ಮಾವಾ, ಇಳೀಬೇಡಿ! ಈ ಕೆರೆಗೆ ತಳವೇ ಇಲ್ಲ!”

ಸೇವಂತಿ ಕಿರುಚಿದ ಜೋರಿಗೆ ಕಲ್ಲುಗುಂಡಿಯ ರಸ್ತೆಯಲ್ಲಿ ಮಡಿಕೇರಿ ಬಸ್ಸೇ ಬ್ರೇಕ್ ಹಾಕಿತು.

ತೀರ್ಥರಾಮ ಮಾವ ನಕ್ಕರು. ಬಂದರಿನಲ್ಲಿ ಮುಳುಗಿದ ದೋಣಿಗಳನ್ನು ಹುಡುಕುವುದು ಅವರ ಕೆಲಸ. ಮಂಗಳೂರಿನ ಕೆಲಸ ಮುಗಿಸಿ ನಿನ್ನೆಯಷ್ಟೇ ಅಕ್ಕನ ಮನೆಗೆ ಬಂದಿದ್ದರು. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್, ಬಾಯಿಗೆ ರಬ್ಬರ್ ನಳಿಗೆ, ಕಣ್ಣಿಗೆ ಗಾಜು, ಕಾಲಿಗೆ ಕಪ್ಪೆಪಾದ. ಅವರನ್ನು ಕಂಡ ಕೆರೆಯ ಕಪ್ಪೆಗಳು ನಾಚಿಕೊಂಡು ಊರನ್ನೇ ಬಿಟ್ಟವು. ನೋಡಲು ಸೇರಿದ ಜನವೋ ಹತ್ತು ಸಾವಿರ! ಹೋಗಲಿ, ಐದು ಸಾವಿರ. ಸರಿಯಾಗಿ ಎಣಿಸಿದರೆ ನಲವತ್ತು ಇದ್ದೀತು.

“ಬೇಡ ತೀರ್ಥರಾಮ, ಹೋದದ್ದು ಹೋಯ್ತು” ಎಂದರು ಅಜ್ಜಿ. ಸೇವಂತಿಗೆ ಆಶ್ಚರ್ಯ. ಅಜ್ಜಿಗೆ ಯಾಕೆ ಹೆದರಿಕೆ?

“ತಳ ಇಲ್ಲದ ಕೆರೆ ಎಲ್ಲಿ ಉಂಟು ಮಾರಾಯ್ರೆ? ಅಕ್ಕನ ತಪಲೆ ತರ್ತೇನೆ ನೋಡಿ.” ಮಾವ ಡುಬಕ್ಕನೆ ಮುಳುಗಿದರು.

ಸೇವಂತಿಯ ಎದೆ ಚೆಂಡೆಯಾಯಿತು. ಯಾಕೆಂದರೆ ತಪಲೆ ಕೆರೆಗೆ ಬಿದ್ದೇ ಇರಲಿಲ್ಲ!

ಮೊನ್ನೆ ಅವ್ವ ತೊಳೆದು ತರಲು ಕೊಟ್ಟ ಹಿತ್ತಾಳೆ ತಪಲೆಯನ್ನು ಅವಳು ಕಿರೀಟ ಮಾಡಿಕೊಂಡು ಯಕ್ಷಗಾನ ಕುಣಿದಿದ್ದಳು. ರಾಜ ಎಡವಿದ. ಕಿರೀಟ ಕಲ್ಲಿಗೆ ಬಡಿದು, ಆನೆ ಮೆಟ್ಟಿದ ಹಾಗೆ ನಗ್ಗಿತು. ಅದನ್ನು ಬೈಹುಲ್ಲಿನೊಳಗೆ ತುರುಕಿ, “ಕೆರೆಗೆ ಬಿತ್ತು” ಎಂದಿದ್ದಳು. ಬೇಸಗೆಯಲ್ಲೂ ಒರತೆ ಗುಳುಗುಳು ಉಕ್ಕುವ ಆ ಕೆರೆ ಏಳು ತೆಂಗಿನಮರದಷ್ಟು ಆಳ ಅಂತ ಊರೇ ಹೇಳುತ್ತಿತ್ತು. ಅಲ್ಲಿ ಯಾರು ಹುಡುಕುತ್ತಾರೆ?

“ಕೆರೆಯಲ್ಲಿ ಇಲ್ಲದಿದ್ರೆ ಕದ್ದದ್ದೇ” ಎಂದರು ನೆರೆಮನೆಯ ಜತ್ತಪ್ಪಣ್ಣ. ಅವರ ಕಣ್ಣು ಗುಂಪಿನಲ್ಲಿದ್ದ ಮೂಸಕುಂಞಿ ಕಾಕನ ಗೋಣಿಚೀಲದ ಮೇಲಿತ್ತು.

ಕಾಕ ಪಾತ್ರೆಗಳಿಗೆ ಕಲಾಯಿ ಹಾಕುವವರು. ಬೇರೆಯವರ ಪಾತ್ರೆಗಳನ್ನು ತಮ್ಮ ಮನೆಗೆ ಒಯ್ದು ಕಲಾಯಿ ಹಾಕುತ್ತಿದ್ದರು. ಸೇವಂತಿಯ ಮನೆಯದ್ದು ಮಾತ್ರ ಅಂಗಳದಲ್ಲೇ, ಎಲ್ಲರ ಕಣ್ಣೆದುರೇ. ಯಾಕೆಂದರೆ, ಅದೇ ಕೆಲಸ ಮಾಡುತ್ತಿದ್ದ ಕಾಕನ ಅಪ್ಪ ಹಿಂದೆ ಅಜ್ಜಿಯ ತಪಲೆ ಕದ್ದಿದ್ದರಂತೆ. ಹಾಗೆಂದವರು ಅಜ್ಜಿಯೇ.

ಗುಳ್ಳೆಗಳು ಎದ್ದವು. ಮಾವನ ತಲೆ ಮೇಲೆ ಬಂತು. ಕೈಯಲ್ಲಿ ತಪಲೆ!

ಜನ ಚಪ್ಪಾಳೆ ತಟ್ಟಿದರು. ಸೇವಂತಿಗೆ ತಲೆಬುಡ ತಿಳಿಯಲಿಲ್ಲ. ಬೀಳದ ತಪಲೆ ಹೇಗೆ ಸಿಕ್ಕಿತು? ಬೈಹುಲ್ಲಿನಿಂದ ನಡೆದುಕೊಂಡು ಬಂತಾ? ಅಥವಾ ತಾನೇ ಕೆರೆಗೆ ಹಾಕಿ ಮರೆತದ್ದಾ?

“ಇದು ನಮ್ಮದಲ್ಲ!” ಎಂದಳು ಅವ್ವ. “ಎಷ್ಟು ಪಾಚಿ ನೋಡಿ.”

ಮೂಸಕುಂಞಿ ಕಾಕ ಅದನ್ನು ತೆಗೆದುಕೊಂಡು ಹುಣಸೆಹುಳಿ ಹಾಕಿ ಗಸಗಸ ಉಜ್ಜಿದರು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅಕ್ಷರ ಎದ್ದಿತು. ಮದುವೆಯಲ್ಲಿ ಮಗಳಿಗೆ ಕೊಡುವ ಪಾತ್ರೆಗೆ ಅಪ್ಪನ ಹೆಸರು ಹೊಡೆಸುತ್ತಿದ್ದರಲ್ಲ, ಹಾಗೆ.

“ನಂಗೆ ಓದ್ಲಿಕ್ಕೆ ಬರುದಿಲ್ಲ. ನೀನು ಓದು ಮಗಳೇ” ಎಂದು ಸೇವಂತಿಯ ಮುಂದೆ ಹಿಡಿದರು.

“ದೇ... ರ... ಣ್ಣ.”

ಅದು ಅಜ್ಜಿಯ ಅಪ್ಪನ ಹೆಸರು.

ಅಜ್ಜಿ ಕೆರೆಯ ಮೆಟ್ಟಿಲ ಮೇಲೆ ಕುಳಿತರು. “ನಂಗೆ ಆಗ ಹದಿನಾರು ವರ್ಷ. ತೊಳೆಯುವಾಗ ಕೈಜಾರಿತು. ಅತ್ತೆ ಹೊಡೀತಾರೆ ಅಂತ ಹೆದರಿ, ಕಲಾಯಿಯವರು ವಾಪಸು ಕೊಡ್ಲಿಲ್ಲ ಅಂದೆ.”



“ನನ್ನ ಅಪ್ಪ ಸಾಯುವವರೆಗೂ ಕೇಳ್ತಾ ಇದ್ರು, ಅಮ್ಮಾ” ಎಂದರು ಕಾಕ ಮೆಲ್ಲಗೆ. “ಆ ತಪಲೆ ಸಿಕ್ಕಿತಾ ಅಂತ.”

“ಹಾಗಾದ್ರೆ ನಮ್ಮ ತಪಲೆ ಎಲ್ಲಿ?” ಎಂದಳು ಅವ್ವ. ಜತ್ತಪ್ಪಣ್ಣನ ಕಣ್ಣು ಮತ್ತೆ ಗೋಣಿಚೀಲಕ್ಕೆ ಹೋಯಿತು.

ಸೇವಂತಿ ಓಡಿದಳು. ಎಷ್ಟು ಬೇಗ ಎಂದರೆ, ಅವಳ ನೆರಳು ಅರ್ಧ ದಾರಿಯಲ್ಲೇ ಸುಸ್ತಾಗಿ ಕುಳಿತುಬಿಟ್ಟಿತು. ತಲೆ ತುಂಬ ಹುಲ್ಲಿನೊಂದಿಗೆ ವಾಪಸು ಬಂದು, ನಗ್ಗಿದ ತಪಲೆಯನ್ನು ಕಾಕನ ಮುಂದೆ ಇಟ್ಟಳು.

“ಕೆರೆಗೆ ಬೀಳ್ಲಿಲ್ಲ. ನಾನೇ ಅಡಗಿಸಿದ್ದು.”

ಅವ್ವ ಕೈಯೆತ್ತಿದಳು. ಅಜ್ಜಿ ಆ ಕೈ ಹಿಡಿದುಕೊಂಡರು.

ಕಾಕ ಯಾವಾಗಲೂ ಮಾಡುವಂತೆ, ಎಲ್ಲರೆದುರೇ ಸರಿಮಾಡಲು ಸುತ್ತಿಗೆ ತೆಗೆದು ಅಲ್ಲೇ ಕುಳಿತರು.

“ಇಲ್ಲಿ ಬೇಡ ಮೂಸಕುಂಞಿ” ಎಂದರು ಅಜ್ಜಿ. “ಎರಡನ್ನೂ ಮನೆಗೆ ಒಯ್ದು ಮಾಡು. ಯಾವಾಗ ಆಗ್ತದೋ ಆಗ ತಾ.”

ಕಾಕ ಸುತ್ತಿಗೆಯನ್ನು ಒಳಗಿಟ್ಟರು. ಎರಡೂ ತಪಲೆಗಳನ್ನು ಎತ್ತಿಕೊಂಡು ಎದ್ದರು.

ಸೇವಂತಿ ಗೋಣಿಚೀಲದ ಬಾಯಿಯನ್ನು ಅಗಲಿಸಿ ಹಿಡಿದಳು.