ನೋಡೋಣ ಎನ್ನಿಸುವ ಶಾಲು

ಹುಲಿಗೂ ಮೊಸಳೆಗೂ ಮಾತು ಬರುತ್ತಿದ್ದ ಕಾಲದಲ್ಲಿ ತುಂಬೆನಾಡು ಎಂಬ ರಾಜ್ಯವಿತ್ತು. ನಡುವೆ ಹೊಳೆ. ಆಚೆ ದಡದಲ್ಲಿ ಅರಮನೆ, ವೈದ್ಯರ ಮನೆ. ಈಚೆ ದಡದಲ್ಲಿ ಜನ. ಹೊಳೆಗೆ ಮೊದಲು ಸೇತುವೆಯಿತ್ತು. ಅದನ್ನು ಒಂದು ಮಾಯಾಮೊಸಳೆ ನುಂಗಿ ಕೂತಿತ್ತು. ನುಂಗಿಸಿದವರು ಅರಮನೆಯ ಮೂವರು ಹಿರಿಯ ಮಾಂತ್ರಿಕರು. ಸೇತುವೆಯಿದ್ದರೆ ಜನ ದಿನಾ ಬಾಗಿಲಿಗೆ ಬಂದು ನಿಲ್ಲುತ್ತಾರೆ, ಯಾರಿಗೆ ಬೇಕು ಆ ತಲೆನೋವು?

ದೊರೆ ಸತ್ತರೆ ಹಿರಿಯರು ಒಬ್ಬರ ಹೆಸರು ಹೇಳಬೇಕು, ಜನ ಕೈ ಎತ್ತಬೇಕು. ಇದು ಅಲ್ಲಿನ ಪದ್ಧತಿ. ಹೆಸರು ಯಾವಾಗಲೂ ಹಿರಿಯರ ಮನೆಯವರದ್ದೇ.

ಈ ಸಲ ದೊರೆ ತೀರಿಕೊಂಡಾಗ ಮಜ್ಜಿಗೆ ಮಾರುವ ಮಾಳವ್ವ ಎದ್ದು ನಿಂತಳು. ಹಿಂದಿನ ವರ್ಷ ಅವಳ ಗಂಡ ಜ್ವರದಲ್ಲಿ ಹೋಗಿದ್ದ. ವೈದ್ಯರ ಮನೆ ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಸಿಗಲಿಲ್ಲ. "ನನ್ನ ಹೆಸರಿಗೆ ಕೈ ಎತ್ರಿ. ಮೊದಲು ಸೇತುವೆ ವಾಪಸ್ ತರ್ತೀನಿ" ಎಂದು ಬೀದಿಬೀದಿಯಲ್ಲಿ ಕೂಗಿದಳು. ಮಜ್ಜಿಗೆ ಕೂಗಿ ಪಳಗಿದ ಗಂಟಲು, ಆಚೆ ದಡಕ್ಕೂ ಕೇಳಿಸಿತು.

ಹಿರಿಯರು ಮೊದಲು ನಕ್ಕರು. ಗಿಳಿಗಳಿಗೆ ಮಂತ್ರ ಹಾಕಿ, "ಮಜ್ಜಿಗೆ ರಾಣಿ, ಮಜ್ಜಿಗೆ ರಾಣಿ" ಎಂದು ಅಣಕಿಸಲು ಬಿಟ್ಟರು. ಗಿಳಿಗಳು ಊರೂರಿಗೆ ಹಾರಿದವು. ಅವಳ ಹೆಸರೇ ಕೇಳದ ಹಳ್ಳಿಗಳಲ್ಲೂ ಜನ, "ಯಾರಂತೆ ಈ ರಾಣಿ?" ಎಂದು ವಿಚಾರಿಸತೊಡಗಿದರು.

ಆಮೇಲೆ ಹಿರಿಯರು ಒಂದು ಕಟ್ಟಳೆ ತೆಗೆದರು. ಹೊಳೆ ದಾಟಿ ಅರಮನೆಗೆ ಬಂದವರ ಹೆಸರನ್ನು ಮಾತ್ರ ಹೇಳುತ್ತೇವೆ ಎಂದರು. ಮಾಳವ್ವ ನೀರಿಗಿಳಿದಳು. ನೆರೆಮನೆಯ ಮುದುಕಿ ದ್ಯಾಮವ್ವ, ಅವಳೊಬ್ಬಳನ್ನೇ ಕಳಿಸಲಾರದೆ, ಹಿಂದೆಯೇ ಇಳಿದಳು. ಮೊಸಳೆ ಬಾಯಿ ತೆರೆಯಿತು.

"ನುಂಗೋದಾದ್ರೆ ನುಂಗಪ್ಪ. ಹೊಟ್ಟೇಲಿ ಸೇತುವೆ ಇಟ್ಕೊಂಡು ಇನ್ನೂ ಜಾಗ ಐತಾ?" ಎಂದಳು ಮಾಳವ್ವ.

ಮೊಸಳೆಗೆ ನಿಜವಾದ ಕಣ್ಣೀರೇ ಬಂತು. "ಜಾಗ ಎಲ್ಲೈತವ್ವ? ಹೊಟ್ಟೆನೋವು ತಡೆಯಕ್ಕಾಗಲ್ಲ. ಕಕ್ಕಬೇಕಂದ್ರೆ ದೊರೆ ಅಪ್ಪಣೆ ಆಗ್ಬೇಕು. ಬಂದ ಬಂದ ದೊರೆಗಳನ್ನೆಲ್ಲ ಕೇಳಿದೆ. ಎಲ್ಲಾರೂ 'ನೋಡೋಣ' ಅಂತಾರೆ." ಅದು ಇಬ್ಬರನ್ನೂ ಬೆನ್ನ ಮೇಲೆ ದಾಟಿಸಿತು.

ತಾವೇ ಮಾಡಿದ ಕಟ್ಟಳೆ, ಹಿರಿಯರು ತಪ್ಪುವಂತಿರಲಿಲ್ಲ. ಆಗ ತೆಗೆದರು ತಮ್ಮ ಮೂರನೆಯ ಉಪಾಯ. "ಬಾ ತಾಯಿ, ನೀನು ನಮ್ಮ ಮನೆ ಮಗಳು" ಎಂದು ಕೈಹಿಡಿದು ಉಪ್ಪರಿಗೆಗೆ ಕರೆದೊಯ್ದರು. ಅವಳ ಹೆಸರನ್ನು ತಾವೇ ಕೂಗಿ ಹೇಳಿದರು. ಈಚೆ ದಡದಲ್ಲಿ ಸಾವಿರ ಕೈ ಎದ್ದವು. ತಲೆಗೆ ಕಿರೀಟ ಇಟ್ಟರು, ಹೆಗಲಿಗೆ ಜರಿಶಾಲು ಹೊದಿಸಿದರು. ಮಾಯೆಯಿದ್ದದ್ದು ಶಾಲಿನಲ್ಲಿ. ಹಿಂದಿನ ದೊರೆಗಳೆಲ್ಲ ಅದನ್ನು ಹೊದ್ದವರೇ. ಹೊದ್ದವರ ಬಾಯಲ್ಲಿ ಒಂದೇ ಮಾತು ಹೊರಡುತ್ತಿತ್ತು.

"ಸೇತುವೆ ಯಾವಾಗವ್ವ?" ಎಂದು ಜನ ಕೂಗಿದರು.

"ನೋಡೋಣ" ಎಂದಳು ಮಾಳವ್ವ.

ತನ್ನ ದನಿ ತಾನೇ ಕೇಳಿ ಬೆಚ್ಚಿದಳು. ಶಾಲು ಕಿತ್ತೆಸೆಯಲು ಹೋದಳು, ಬರಲಿಲ್ಲ. ಜನ ಒಬ್ಬೊಬ್ಬರೇ ತಲೆ ತಗ್ಗಿಸಿದರು. ಹಿರಿಯರು ಮೀಸೆಯಡಿಯಲ್ಲೇ ನಕ್ಕರು. ಅವಳಿಗೆ ಸಾಯುವಷ್ಟು ನಾಚಿಕೆಯಾಯಿತು.

ಹಿಂದೆಯೇ ಉಪ್ಪರಿಗೆ ಹತ್ತಿದ್ದ ದ್ಯಾಮವ್ವನಿಗೆ ಅರಮನೆಯ ಮಾತಿನ ಮರ್ಮ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ನೋಡೋಣ ಎಂದರೆ ಹೋಗಿ ನೋಡುವುದೇ. "ನೋಡೋಣ ಅಂದ್ಯಲ್ಲ, ನಡಿ ಮತ್ತೆ. ಹೊತ್ತು ಮುಳುಗೋಕೆ ಮುಂಚೆ ನೋಡ್ಕೊಂಡ್ ಬರಾನ" ಎಂದು ರಾಣಿಯನ್ನು ಎಳೆದುಕೊಂಡೇ ಹೊರಟಳು.

ಒಂದೊಂದು ಮೆಟ್ಟಿಲು ಇಳಿದಂತೆ ಶಾಲಿನ ಎಳೆ ಒಂದೊಂದೇ ಬಿಚ್ಚಿತು. ನೋಡೋಣ ಎಂದವರು ಎದ್ದು ನೋಡಲು ಹೋದದ್ದನ್ನು ಆ ಶಾಲು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಮಂತ್ರಕ್ಕೆ ಏನು ಮಾಡಬೇಕೆಂದೇ ತೋಚಲಿಲ್ಲ. ಹೊಳೆ ಮುಟ್ಟುವ ಹೊತ್ತಿಗೆ ಹೆಗಲ ಮೇಲೆ ಒಂದು ನೂಲೂ ಉಳಿದಿರಲಿಲ್ಲ, ಹಿರಿಯರ ಮಾಯೆಯೂ ಉಳಿದಿರಲಿಲ್ಲ.

"ಕಕ್ಕಪ್ಪ" ಎಂದಳು ಮಾಳವ್ವ.

ಮೊಸಳೆ ಕಕ್ಕಿತು. ಕಂಬ, ಹಲಗೆ, ಪಕ್ಕದಲ್ಲಿ ಹಿಡಿದು ನಡೆಯುವ ಕಟಾಂಜನ ಸಮೇತ ಸೇತುವೆ ಹೊರಗೆ ಬಂದು ಎರಡೂ ದಡಕ್ಕೆ ಕೂತಿತು. ಮೊಸಳೆ ಹಗುರಾಗಿ ಸಮುದ್ರದ ಕಡೆ ಈಜಿತು. ಹಿರಿಯರನ್ನು ಮಾಳವ್ವ ಸೆರೆಗೆ ಹಾಕಲಿಲ್ಲ. ಬಾಗಿಲಿಗೆ ಬಂದವರ ಅಹವಾಲು ಕೇಳಲು ಕೂರಿಸಿದಳು. ಅವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಮೊದಲು ಸೇತುವೆ ದಾಟಿದವಳು ಜ್ವರದ ಮಗುವನ್ನು ಎತ್ತಿಕೊಂಡ ಒಬ್ಬ ತಾಯಿ. ವೈದ್ಯರ ಮನೆಯವರೆಗೂ ಮಾಳವ್ವ ಅವಳ ಜೊತೆ ನಡೆದಳು. ಗಂಡನನ್ನು ನೆನೆದು ದಾರಿಯುದ್ದಕ್ಕೂ ಅತ್ತಳು. ಮಗು ಬದುಕಿತು. ನಾಡೂ ಬದುಕಿತು, ಕತೆ ಕೇಳಿದ ನಿಮ್ಮ ಹೊಟ್ಟೆಯೂ ತಣ್ಣಗಿರಲಿ.